ರಾಮದುರ್ಗದ ಅತ್ತಿ ಪಟ್ಟಿಯಲ್ಲಿ ಇಲ್ಲ

ಅಡುಗೆಮನೆಯ ಫಳಿಯ ಮುಂದೆ ನಿಂತು ನಾನು "ಶೇಂಗಾ ಹಿಂಡಿ ಇಲ್ಲ" ಎಂದು ಕೂಗುವುದು, ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಮೂಗಿನ ಮುಂದಿನ ಡಬ್ಬಿಯನ್ನೇ ತೆಗೆದು ಕೈಗಿಡುವುದು ನಮ್ಮ ಮನೆಯಲ್ಲಿ ಹನ್ನೊಂದು ವರ್ಷದಿಂದ ನಡೆದು ಬಂದ ಪದ್ಧತಿ. ನನ್ನ ವಾದ ಇಷ್ಟೇ: ಡಬ್ಬಿಯ ಮೇಲೆ ಬೋರ್ನ್‌ವೀಟಾ ಎಂದು ಬರೆದಿದ್ದರೆ ಒಳಗೆ ಹಿಂಡಿ ಇದೆಯೆಂದು ನಾನು ತಿಳಿಯುವುದು ಹೇಗೆ? ಆಕೆಯ ವಾದ ಇನ್ನೂ ಚಿಕ್ಕದು: "ತಗದ ನೋಡ್ರಿ."

ಇಂಥ ನನಗೆ ಬೆಂಗಳೂರಿನ ಕಂಪನಿಯೊಂದು ತಿಂಗಳಾ ತಿಂಗಳಾ ಪಗಾರ ಕೊಡುವುದು ಹುಡುಕುವ ಕೆಲಸಕ್ಕೇ. ಡೇಟಾಬೇಸ್ ನನ್ನ ಕಸುಬು. ಲಕ್ಷಾಂತರ ಸಾಲುಗಳಲ್ಲಿ ಬೇಕಾದ ನಾಲ್ಕನ್ನು ಎತ್ತಿ ಕೊಡುವವನು ಎಂದು ಊರಲ್ಲಿ ನಾನೇ ಹೇಳಿಕೊಂಡು ತಿರುಗಿದ್ದೆ. ಅದರ ಫಲವಾಗಿ, ತಂಗಿಯ ಲಗ್ನ ಗಟ್ಟಿಯಾದ ದಿನ ಬೈಲಹೊಂಗಲದ ನಮ್ಮ ಪಡಸಾಲೆಯಲ್ಲಿ ಕೂತ ಹಿರಿಯರೆಲ್ಲ ಒಮ್ಮೆಲೇ ನನ್ನ ಕಡೆ ನೋಡಿದರು. "ಮನಿಯಾಗ ಕಂಪ್ಯೂಟರ್ ಇಂಜಿನಿಯರ್ ಅದಾನ. ಲಗ್ನಪತ್ರಿಕಿ ಯಾರ್‍ಯಾರಿಗೆ ಕೊಡಬೇಕು ಅನ್ನೂದು ಅವಂಗ ಬಿಟ್ಟಬಿಡ್ರಿ" ಎಂದರು ಕಾಕಾ. ಅಪ್ಪ ಎದ್ದು ಹೋಗಿ ಟ್ರಂಕಿನಿಂದ ಆಹೇರಿ ವಹಿ ತಂದು ನನ್ನ ತೊಡೆಯ ಮೇಲಿಟ್ಟರು. ಅವ್ವ ಮಾತ್ರ ಏನೂ ಹೇಳಲಿಲ್ಲ. ಆಕೆ ಮಾತಾಡದೆ ಸುಮ್ಮನಿದ್ದಳೆಂದರೆ ಏನೋ ಐತಿ ಎಂದು ಆಗಲೇ ತಿಳಿಯಬೇಕಿತ್ತು.

ವಹಿ ಎಂದರೆ ಉದ್ದನೆಯ ಪುಸ್ತಕ, ಕೆಂಪು ಬಟ್ಟೆ ಹಚ್ಚಿದ ರಟ್ಟು, ಬೆನ್ನಿಗೆ ದಪ್ಪ ನೂಲಿನ ಹೊಲಿಗೆ. ಮೊದಲ ಪುಟದಲ್ಲಿ ಶ್ರೀಕಾರ, ಒಣಗಿ ಕಪ್ಪಾದ ಕುಂಕುಮದ ಬೊಟ್ಟು. 1978ರಲ್ಲಿ ಅಪ್ಪ–ಅವ್ವನ ಲಗ್ನಕ್ಕೆ ಅಜ್ಜ ಶುರು ಮಾಡಿದ್ದು. ಯಾರು ಎರಡು ರೂಪಾಯಿ ಮಾಡಿದರು, ಯಾರು ತಂಬಿಗೆ ಕೊಟ್ಟರು, ಯಾರ ಖಣ ಯಾವ ಬಣ್ಣದ್ದು, ಎಲ್ಲ ಅಲ್ಲಿದೆ. ಅಜ್ಜನ ನಂತರ ಬರವಣಿಗೆ ಅವ್ವನ ಕೈಗೆ ಬಂತು. ನಲವತ್ತೈದು ವರ್ಷಕ್ಕೂ ಮಿಕ್ಕಿದ ಕೊಡು–ಕೊಳ್ಳುವಿಕೆಯನ್ನು ಒಂದು ರಿಲೇಶನಲ್ ಡೇಟಾಬೇಸ್‌ಗೆ ಹಾಕುತ್ತೇನೆ ಎಂದು ಘೋಷಿಸಿದೆ. "ರಿಲೇಶನ್ ಅಂದ್ರ ಬೀಗರದ್ದ ಅಷ್ಟ ಏನು, ನಮ್ಮ ಕಡಿ ಮಂದಿದೂ ಹಿಡಿಸ್ತೈತೋ?" ಎಂದಳು ಅವ್ವ. ಆ ರಿಲೇಶನ್‌ಗೂ ನೆಂಟಸ್ತನಕ್ಕೂ ಸಂಬಂಧವಿಲ್ಲ, 1970ರಲ್ಲಿ ಐಬಿಎಮ್ಮಿನ ಕಾಡ್ ಎಂಬಾತ ಗಣಿತದಿಂದ ತಂದ ಶಬ್ದ ಅದು ಎಂದು ತಿಳಿಸಿ ಹೇಳಿದೆ. "ಹೌದೇನ" ಎಂದು ಅವ್ವ ಶಾವಿಗೆ ಹೊಸೆಯುವುದನ್ನು ಮುಂದುವರಿಸಿದಳು. ಅಜ್ಜನ ವಹಿ ಕಾಡ್‌ನ ಲೇಖನಕ್ಕಿಂತ ಎಂಟೇ ವರ್ಷ ಚಿಕ್ಕದು ಎಂಬುದು ಆಮೇಲೆ ಹೊಳೆಯಿತು. ಹೇಳಲಿಲ್ಲ.

ಒಂಬತ್ತು ರಾತ್ರಿ ಕೂತು ಟೈಪ್ ಮಾಡಿದೆ. 1,140 ಸಾಲು. ಹತ್ತನೆಯ ದಿನ ಮನೆಮಂದಿಯನ್ನೆಲ್ಲ ಲ್ಯಾಪ್‌ಟಾಪಿನ ಮುಂದೆ ಕೂರಿಸಿಕೊಂಡು, "ಈಗ ನೋಡ್ರಿ, ಕಿತ್ತೂರವರು ಯಾರ್‍ಯಾರ್ ಅದಾರ ಒಂದ ಸೆಕೆಂಡಿನ್ಯಾಗ ಬರ್ತಾರ" ಎಂದು ಊರು ಎಂಬ ಕಾಲಮ್ಮಿಗೆ ಕಿತ್ತೂರು ಎಂದು ಕೊಟ್ಟು ಗುಂಡಿ ಒತ್ತಿದೆ.

ಒಂದೇ ಸೆಕೆಂಡು. ಬಂದವರೂ ಒಬ್ಬರೇ.

"ಚನ್ನಮ್ಮನ ಕಿತ್ತೂರಾಗ ನಮಗ ಒಂದ ಮನಿ ಅಷ್ಟ ಏನು?" ಎಂದರು ಅಪ್ಪ. ಕಾಕಾ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. ನಾನು ವಹಿಯನ್ನು ತೆಗೆದು ನೋಡಿದೆ. ಪುಟದ ಮೇಲ್ಭಾಗದಲ್ಲಿ ಅವ್ವ ಒಮ್ಮೆ "ಕಿತ್ತೂರ" ಎಂದು ಬರೆದು, ಅದರ ಕೆಳಗೆ ಹದಿನೇಳು ಸಾಲಿಗೂ ಎರಡೆರಡು ಸಣ್ಣ ಗೀಟು ಎಳೆದಿದ್ದಳು. ಮೇಲಿನಂತೆಯೇ ಎಂದು ಅರ್ಥ. ಬರೆಯಲು ಬಲ್ಲವರಿಗೆಲ್ಲ ಗೊತ್ತಿರುವ ಸಂಗತಿ. ಟೈಪ್ ಮಾಡುವಾಗ ನನಗೆ ಅದು ನೊಣ ಕೂತು ಎದ್ದ ಗುರುತಿನಂತೆ ಕಂಡಿತ್ತು, ಖಾಲಿ ಬಿಟ್ಟಿದ್ದೆ. ಹೀಗೆ ಹದಿನೇಳು ಮನೆಯವರನ್ನು ನಾನು ಕಿತ್ತೂರಿನಿಂದ ಎಬ್ಬಿಸಿ ಊರೇ ಇಲ್ಲದವರನ್ನಾಗಿ ಮಾಡಿದ್ದೆ. ಥ್ಯಾಕರೆಯ ಕೈಲೂ 1824ರಲ್ಲಿ ಆಗದ ಕೆಲಸ.

ಅದು ಮೊದಲನೆಯದು. ಅವತ್ತಿನಿಂದ ಮನೆಯಲ್ಲಿ ದಿನಕ್ಕೊಬ್ಬರು ಕಳೆಯತೊಡಗಿದರು. ಅಕ್ಕನ ಲಗ್ನಕ್ಕೆ ಬಂದವರನ್ನು ಕೇಳಿದೆ: 2012ರ ಮೇ 1ರಿಂದ ಮೇ 31ರವರೆಗೆ. 30ರಂದು ಅರಿಶಿಣ ಹಚ್ಚಿದವರೆಲ್ಲ ಬಂದರು, 31ರಂದು ಅಕ್ಷತೆ ಹಾಕಿದವರು ಒಬ್ಬರೂ ಇಲ್ಲ. ಮದುಮಗನ ಸುದ್ದಿಯೇ ಇಲ್ಲ. ಅವ್ವ "ಊಟಕ್ಕ ಮೊದ್ಲ", "ಊಟ ಆದಮ್ಯಾಲ" ಎಂದು ಬರೆದದ್ದನ್ನು ನಾನು ವೃತ್ತಿಯ ಹೆಮ್ಮೆಯಿಂದ 11:30, 2:30 ಎಂದು ಗಂಟೆ–ನಿಮಿಷ ಮಾಡಿ ತುಂಬಿದ್ದೆ. ವೇಳೆ ಹೇಳದೆ ಬರೀ 31 ಎಂದು ಕೊಟ್ಟರೆ ಡೇಟಾಬೇಸ್ ಅದನ್ನು 31ನೇ ತಾರೀಖು ಶುರುವಾಗುವ ಮಧ್ಯರಾತ್ರಿ ಹನ್ನೆರಡು ಗಂಟೆ ಎಂದು ತಿಳಿದು ಅಲ್ಲಿಗೇ ಬಾಗಿಲು ಹಾಕುತ್ತದೆ. "ಜೂನ್ 1ಕ್ಕಿಂತ ಮೊದಲು" ಎಂದು ಕೇಳಬೇಕಿತ್ತು. ಇದನ್ನು ನಾನು ಹೊಸ ಹುಡುಗರಿಗೆ ವರ್ಷಕ್ಕೆರಡು ಬಾರಿ ಪಾಠ ಮಾಡುತ್ತೇನೆ.

ಹುಬ್ಬಳ್ಳಿಯವರಿಗೆ ಅಂಚೆಯಲ್ಲಿ ಕಳಿಸಿದರಾಯಿತೆಂದು ಊರಿನ ಹೆಸರಲ್ಲಿ "ಹುಬ್ಬಳ್ಳಿ" ಇದ್ದವರನ್ನೆಲ್ಲ ತೆಗೆದೆ. ಹೆದ್ದಾರಿಯ ಮೇಲೆ, ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯ ಬಳಗ ಪೂರಾ ಜೊತೆಗೇ ಹೋಯಿತು. ತಾಲೂಕಿನ ಮೇಲೆ ಹುಡುಕಿದರೆ ಇನ್ನೊಂದು ಪುರಾಣ. ಅಜ್ಜ ಹಳೆಯ ಕಾಲದವರು. ಬೈಲಹೊಂಗಲ ತಾಲೂಕಿಗೆ ಬ್ರಿಟಿಷರ ದಫ್ತರದ ಹೆಸರಾದ ಸಂಪಗಾಂವ ಎಂದೂ, ಸವದತ್ತಿ ತಾಲೂಕಿಗೆ ಪರಸಗಡ ಎಂದೂ ಬರೆಯುತ್ತಿದ್ದರು. ಭಾವೆ ಅರಸರ ರಾಮದುರ್ಗ 1948ರಲ್ಲೇ ವಿಲೀನವಾದರೂ ಅಜ್ಜನ ಪೆನ್ನಿನಲ್ಲಿ ಅದು ಕೊನೆಯವರೆಗೂ ಸಂಸ್ಥಾನ. ಕಿತ್ತೂರು ಆಗ ನಮ್ಮ ತಾಲೂಕಿನೊಳಗಿತ್ತು, ಈಗ ಬೇರೆಯೇ ತಾಲೂಕು. ಬೆಳಗಾವಿಯನ್ನು 'ಬೆಲ್ಗಾಮ್' ಎಂದು ಇಂಗ್ಲಿಷಿನಲ್ಲಿ ಬರೆದವರಿಗೆ 2014ರ ನವೆಂಬರ್ 1ಕ್ಕೆ ಸರ್ಕಾರವೇ ತಿದ್ದುಪಡಿ ಕೊಟ್ಟಿತು. ನನ್ನ ಕೋಷ್ಟಕಕ್ಕೆ ಯಾರೂ ಕೊಡಲಿಲ್ಲ. ಸವದತ್ತಿ ಎಂದು ಬರೆದವರುಂಟು, ಸೌಂದತ್ತಿ ಎಂದು ಬರೆದವರುಂಟು. ರಟ್ಟರ ಕಾಲದ ಸುಗಂಧವರ್ತಿ ಎಂದು ಬರೆದವರು ಯಾರೂ ಇರಲಿಲ್ಲ ಎನ್ನುವುದೊಂದೇ ಸಮಾಧಾನ.

ಆದರೆ ನನ್ನ ನಿದ್ದೆ ಕೆಡಿಸಿದ್ದು ನಮ್ಮದೇ ಊರು.

ಬೈಲಹೊಂಗಲ ಎಂದು ಕೇಳಿದರೆ 412 ಮಂದಿ ಬರಬೇಕು. 268 ಬಂದರು. ಉಳಿದ 144 ಮಂದಿಯ ಸಾಲನ್ನು ಕಣ್ಣಾರೆ ನೋಡುತ್ತಿದ್ದೇನೆ. ಅಲ್ಲಿಯೂ ಬೈಲಹೊಂಗಲ ಎಂದೇ ಇದೆ. ಹಿಂದೆ ಮುಂದೆ ಖಾಲಿ ಜಾಗವೇನಾದರೂ ಅಂಟಿದೆಯೋ ಎಂದು ಕತ್ತರಿಸಿ ನೋಡಿದೆ. ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು "ಇವೆರಡೂ ಒಂದೇ ಏನು" ಎಂದು ಡೇಟಾಬೇಸನ್ನೇ ಕೇಳಿದೆ. ಅಲ್ಲ ಎಂದಿತು. ರಾತ್ರಿ ಒಂದೂವರೆ. ಹೆಂಡತಿಯನ್ನು ಎಬ್ಬಿಸಿ, "ಈ ಎರಡರಾಗ ಏನ ಫರಕ ಐತಿ ಹೇಳು" ಎಂದೆ. ಆಕೆ ಒಂದು ಕಣ್ಣಷ್ಟೇ ತೆರೆದು ನೋಡಿ, "ಎರಡೂ ಒಂದ ಅದಾವಲ್ರೀ, ಮಕ್ಕೋರಿ" ಎಂದು ಹೊದಿಕೆ ಎಳೆದುಕೊಂಡಳು.

ಮರುದಿನ ಬೆಳಗಿನ ಚಹಾದ ಹೊತ್ತಿಗೆ ಗೊತ್ತಾಯಿತು. ಅಕ್ಷರ ಎಣಿಸಿದರೆ ಒಂದು ಬೈಲಹೊಂಗಲದಲ್ಲಿ 8, ಇನ್ನೊಂದರಲ್ಲಿ 9. ಯೂನಿಕೋಡಿನಲ್ಲಿ 'ಹೊ' ಬರೆಯಲು ಎರಡು ದಾರಿ ಇವೆ. ಹಕಾರಕ್ಕೆ ಒತ್ವವನ್ನು ಇಡಿಯಾಗಿ ಒಂದೇ ಚಿಹ್ನೆಯಾಗಿ ಕೊಡಬಹುದು. ಇಲ್ಲವೇ ಎತ್ವದ ಚಿಹ್ನೆ ಕೊಟ್ಟು ಅದರ ಹಿಂದೆಯೇ ಊತ್ವದ ಚಿಹ್ನೆ ಸೇರಿಸಬಹುದು. ಪರದೆಯ ಮೇಲೆ ಮೂಡುವ ರೂಪ ಕೂದಲೆಳೆಯಷ್ಟೂ ಬೇರೆಯಲ್ಲ. ನಾನು ಟೈಪ್ ಮಾಡಿದ್ದು ಮೊದಲ ಬಗೆ. 144 ಸಾಲು ಮಾತ್ರ ತಮ್ಮ ಹಿಂದೊಮ್ಮೆ ಹಳೆಯ ನುಡಿ ಫೈಲಿನಲ್ಲಿ ಮಾಡಿಟ್ಟಿದ್ದು. ಅದನ್ನು ಯೂನಿಕೋಡಿಗೆ ತಿರುಗಿಸಿ ಸೇರಿಸುವಾಗ ಒತ್ವ ಒಡೆದು ಎರಡಾಗಿತ್ತು. ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಆಜ್ಞೆ ಇದೆ, ಒಂದು ಸಾಲಿನದು. ಅದನ್ನು ಕೊಟ್ಟ ಕೂಡಲೇ 412 ಮಂದಿಯೂ ಊರಿಗೆ ಮರಳಿದರು. ಎದ್ದು ಕುಣಿಯುವಷ್ಟು ಸಂತೋಷವಾಗಿ ಅಡುಗೆಮನೆಗೆ ಓಡಿ ಅವ್ವನಿಗೆ ಹೇಳಿದೆ.

"ಜೋಡೆತ್ತ ಹಂಗ ಇರತಾವಲೇ" ಎಂದಳು ಅವ್ವ. "ನಿಂತಾಗ ಎರಡೂ ಒಂದ. ನೊಗಕ್ಕ ಹೂಡಿದ ಮ್ಯಾಲ ಗೊತ್ತಾಕ್ಕೈತಿ." ಹದಿನಾಲ್ಕು ತಾಸು ಹಿಡಿದ ನನ್ನ ಸಂಶೋಧನೆ ಆಕೆಗೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ತಿಳಿದಿತ್ತು.

ಪತ್ರಿಕೆ ಹಂಚುವುದು ಶುರುವಾಯಿತು. ಮೊದಲ ಪತ್ರಿಕೆ ಏಳುಕೊಳ್ಳದ ಯಲ್ಲಮ್ಮನಿಗೆ. ತಮ್ಮ ಸವದತ್ತಿಯ ಗುಡ್ಡಕ್ಕೆ ಹೋಗಿ ಅರ್ಪಿಸಿ ಬಂದ. ಆಮೇಲೆ ಬೈಕಿನ ಮೇಲೆ ಊರೂರು ತಿರುಗಿದ. ಕೊಟ್ಟ ಕೂಡಲೇ ಮೊಬೈಲಿನಲ್ಲಿ ಹೆಸರು ತುಂಬಬೇಕೆಂದು ತಾಕೀತು ಮಾಡಿದ್ದೆ. ಅದು ನೇರ ನನ್ನ ಕೋಷ್ಟಕಕ್ಕೆ ಬರುವ ವ್ಯವಸ್ಥೆ. ಎಂಟನೆಯ ದಿನ ಸಂಜೆ ಕೊನೆಯ ಪ್ರಶ್ನೆ ಕೇಳಿದೆ: ಆಹೇರಿ ಪಟ್ಟಿಯಲ್ಲಿ ಇದ್ದು, ಪತ್ರಿಕೆ ಮುಟ್ಟಿದವರ ಪಟ್ಟಿಯಲ್ಲಿ ಇಲ್ಲದವರು ಯಾರು?

ಸೊನ್ನೆ.

ಒಬ್ಬರೂ ಉಳಿದಿಲ್ಲ! ಪಡಸಾಲೆಗೆ ಬಂದು, ಧೋತರ ಉಟ್ಟಿದ್ದರೆ ಕಚ್ಚೆ ಝಾಡಿಸಬಹುದಾದ ಗತ್ತಿನಲ್ಲಿ, "ಎಲ್ಲಾರಿಗೂ ಮುಟ್ಟೈತಿ" ಎಂದು ಸಾರಿದೆ. ಅಪ್ಪ ತಲೆಯಾಡಿಸಿದರು. ಹೆಂಡತಿ ಅಪರೂಪಕ್ಕೆ ಮೆಚ್ಚುಗೆಯಿಂದ ನೋಡಿದಳು. ಪೇಟೆಯಿಂದ ಗಿರಮಿಟ್ಟು, ಮಿರ್ಚಿ ಭಜಿ ತರಿಸಿದೆವು. ಎರಡನೇ ಮಿರ್ಚಿಗೆ ಕೈ ಹಾಕಿದಾಗ ಫೋನು ಬಂತು. ರಾಮದುರ್ಗದಿಂದ ಅತ್ತಿ. ಅಪ್ಪನ ಒಡಹುಟ್ಟಿದ ತಂಗಿ.

"ಏನೋ ತಮ್ಮಾ, ಆರಾಮ ಅದೀರೆಲ್ಲಾ? ನಮ್ಮ ಹುಡುಗಿ ಲಗ್ನ ಅಂತಲ್ಲ. ಸುರೇಬಾನದಾಗ ಯಾರೋ ಹೇಳಿದ್ರಪಾ. ಚಲೋ ಆತು. ನಾ ಇನ್ನೂ ಅದೀನಿ ಅಂತ ನಿಮ್ಮ ಅಪ್ಪಗ ಒಂದ ಮಾತ ಹೇಳಿಬಿಡು."

ಫೋನು ಇಟ್ಟುಬಿಟ್ಟರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಪ್ಪನ ಕೈಯಲ್ಲಿದ್ದ ಗಿರಮಿಟ್ಟಿನ ತಾಟು ಹಾಗೇ ನೆಲಕ್ಕಿಳಿಯಿತು. ಹೆಂಡತಿಯ ಮೆಚ್ಚುಗೆ ಫಳಿಯ ಮೇಲಿನ ಬೋರ್ನ್‌ವೀಟಾ ಡಬ್ಬಿಯ ಕಡೆ ಹೊರಳಿತು.

ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಪತ್ರಿಕೆ ಮುಟ್ಟಿದವರ ಪಟ್ಟಿಯನ್ನು ಸಾಲು ಸಾಲಾಗಿ ನೋಡಿದೆ. ಎಲ್ಲ ಸೇರಿ 390 ಹೆಸರು. 1,140 ಸಾಲಿನ ವಹಿಗೆ 390 ಜನಕ್ಕೆ ಪತ್ರಿಕೆ ಮುಟ್ಟಿ, ಉಳಿದವರು ಸೊನ್ನೆ! ಒಂದನೇ ಇಯತ್ತೆಯ ಹುಡುಗ ಹಿಡಿಯಬಹುದಾದ ಲೆಕ್ಕ. ಮೊಟ್ಟಮೊದಲ ಸಾಲಿನಲ್ಲೇ ಕಾರಣ ಕೂತಿತ್ತು. ಸ್ಥಳ: ಗುಡ್ಡ. ವೇಳೆ: ಬೆಳಿಗ್ಗೆ 6:40. ಹೆಸರು: ಖಾಲಿ.

"ಇದ್ಯಾರೋ?" ಎಂದು ತಮ್ಮನನ್ನು ಕರೆದು ಕೇಳಿದೆ. "ಯಲ್ಲವ್ವ ಅಣ್ಣಾ. ಹೆಸರು, ಮನೆತನ ಅಂತ ಕಾಲಮ್ ಇಟ್ಟೀಯಲ್ಲ, ದೇವಿಗೆ ಮನೆತನ ಏನಂತ ಬರೀಲಿ? ಖಾಲಿ ಬಿಟ್ಟೆ."

ಈ ಖಾಲಿಯ ಗುಣವನ್ನು ಓದುಗರಿಗೆ ಸ್ವಲ್ಪ ಹೇಳಲೇಬೇಕು. ಡೇಟಾಬೇಸಿನಲ್ಲಿ ಖಾಲಿ ಎಂದರೆ 'ಇಲ್ಲ' ಅಲ್ಲ, 'ಗೊತ್ತಿಲ್ಲ'. ನಲ್ ಎನ್ನುತ್ತೇವೆ. ಪಂಕ್ತಿಯಲ್ಲಿ 390 ಮಂದಿ ಕೂತಿದ್ದಾರೆ, ಅದರಲ್ಲಿ ಒಬ್ಬರು ಸೆರಗಿನಿಂದ ಮುಖ ಪೂರ್ತಿ ಮುಚ್ಚಿಕೊಂಡಿದ್ದಾರೆ ಎನ್ನಿ. "ರಾಮದುರ್ಗದ ಅತ್ತಿ ಈ ಪಂಕ್ತಿಯಲ್ಲಿ ಇಲ್ಲ ತಾನೆ?" ಎಂದು ಕೇಳಿದರೆ ಡೇಟಾಬೇಸ್ 389 ಮುಖ ನೋಡಿ, ಮುಚ್ಚಿದ ಮುಖದ ಹತ್ತಿರ ನಿಂತು, "ಹೇಳಲಾರೆ, ಇವರೇ ಅವರಿರಬಹುದು" ಎನ್ನುತ್ತದೆ. ಖಾತ್ರಿ ಇಲ್ಲದವರನ್ನು ಅದು ಪಟ್ಟಿಗೆ ಸೇರಿಸುವುದಿಲ್ಲ. ಸವದತ್ತಿ ದೊಡ್ಡವ್ವನ ಬಗ್ಗೆ ಕೇಳಿದರೂ ಅದೇ ಉತ್ತರ, ಕಿತ್ತೂರ ಮಾಮಾನ ಬಗ್ಗೆಯೂ ಅದೇ. ಹೀಗೆ ಒಂದೇ ಒಂದು ಮುಚ್ಚಿದ ಮುಖಕ್ಕೆ ಇಡೀ ಬಳಗ ಮಾಯ. ತಪ್ಪು ಎಂಬ ಎಚ್ಚರಿಕೆ ಇಲ್ಲ, ಕೆಂಪಕ್ಷರ ಇಲ್ಲ, ಸಭ್ಯವಾಗಿ ಸೊನ್ನೆ. ಕೆಂಪಕ್ಷರ ಬಂದಿದ್ದರೆ ಗಿರಮಿಟ್ಟು ತರಿಸುತ್ತಿರಲಿಲ್ಲ.

ಅವ್ವನಿಗೆ ಹೇಳಿದೆ. "ದೇವಿ ಹೆಸರ ಖಾಲಿ ಬಿಟ್ಟ್ರ ಸುಮ್ನ ಬಿಡ್ತಾಳೇನು?" ಎಂದು ಗುಡ್ಡದ ದಿಕ್ಕಿಗೆ ಕೈ ಮುಗಿದಳು. ತಾಂತ್ರಿಕವಾಗಿ ನನ್ನ ವಿವರಣೆಗಿಂತ ಅದರಲ್ಲಿ ಹೆಚ್ಚಿನ ತಪ್ಪೇನೂ ಇರಲಿಲ್ಲ.

ದೇವಿಯ ಸಾಲನ್ನು ಭಕ್ತಿಯಿಂದ ಬೇರೆ ಇಟ್ಟು ಮತ್ತೆ ಕೇಳಿದೆ. ಪತ್ರಿಕೆ ಮುಟ್ಟದವರು ದಂಡಿಯಾಗಿ ಬಂದರು. ಆದರೆ ಅವರಲ್ಲೂ ರಾಮದುರ್ಗದ ಅತ್ತಿ ಇಲ್ಲ!

ಆಗ ಮಾತ್ರ ನನ್ನ ಕಸುಬಿನ ಸರಿಯಾದ ವಿದ್ಯೆ ನೆನಪಾಯಿತು. ಕಳೆದವರ ಪೈಕಿ ಒಬ್ಬರನ್ನು ಹಿಡಿದುಕೋ. ಪ್ರಶ್ನೆಗೆ ಹಾಕಿದ ಷರತ್ತನ್ನು ಒಂದೊಂದಾಗಿ ಕಳಚು. ಯಾವ ಷರತ್ತು ಕಳಚಿದಾಗ ಅವರು ಬರುತ್ತಾರೋ ಅಲ್ಲಿ ನಿನ್ನ ತಪ್ಪು ಇದೆ. ಉಳ್ಳಾಗಡ್ಡಿ ಸುಲಿದಂತೆ ಕೂತು ಸುಲಿದೆ. ತಾರೀಖು ತೆಗೆದೆ, ಬರಲಿಲ್ಲ. ತಾಲೂಕು ತೆಗೆದೆ, ಇಲ್ಲ. ಊರು ತೆಗೆದೆ, ಇಲ್ಲ. ಕಡೆಗೆ ಉಳಿದದ್ದು ಮೊದಲ ದಿನವೇ ನಾನು ಜಾಣತನದಿಂದ ಹಾಕಿ ಮರೆತ ಷರತ್ತು: ಆಹೇರಿ ಮೊತ್ತ ಸೊನ್ನೆಗಿಂತ ಹೆಚ್ಚು ಇದ್ದವರು ಮಾತ್ರ. ಅದನ್ನು ತೆಗೆದ ಕೂಡಲೇ ಅತ್ತಿ ಬಂದರು. ವಹಿಯ ಆರು ಕಾರ್ಯಗಳಲ್ಲಿ ಆರು ಸಾಲು. ಪ್ರತಿ ಸಾಲಲ್ಲೂ "ಅತ್ತಿ" ಎಂಬೊಂದೇ ಶಬ್ದ. ಊರಿಲ್ಲ, ಮನೆತನವಿಲ್ಲ, ಮೊತ್ತವಿಲ್ಲ.

"ಅವ್ವಾ, ಅತ್ತಿ ಮುಂದ ಏನೂ ಬರದಿಲ್ಲಲ್ಲ ನೀ?"

"ಏನ ಬರೀಲೋ? ಕಾರ್ಯೇಕ್ಕ ಮೂರ ದಿನ ಮೊದ್ಲ ಬಂದ ರೊಟ್ಟಿ ಬಡಿಯಾಕ ಕುಂದ್ರತಾಳ, ಭಾಂಡೆ ಬೆಳಗಿಟ್ಟ ಹೊಕ್ಕಾಳ. ಅದನ್ನ ರೂಪಾಯಿದಾಗ ಬರೀಲೇನು?"

ಆ ರಾತ್ರಿ ಅವ್ವ ತಾನೇ ಪಟ್ಟಿ ಮಾಡಲು ಕೂತಳು. ವಹಿ ತೆರೆಯಲಿಲ್ಲ. ಮೊರದಲ್ಲಿ ಒಂದು ಹಿಡಿ ಜೋಳ ಹಾಕಿಕೊಂಡು ಕಣ್ಣು ಮುಚ್ಚಿ ಹೊರಟಳು. ಮುರಗೋಡ, ಯರಗಟ್ಟಿ, ಅಲ್ಲಿಂದ ರಾಮದುರ್ಗ. ತಿರುಗಿ ಬರುವಾಗ ಸವದತ್ತಿ. ಆಮೇಲೆ ದಕ್ಷಿಣಕ್ಕೆ ಕಿತ್ತೂರು. ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೋ ಅಲ್ಲಲ್ಲಿ ಇಳಿದು, ಓಣಿ ಹೊಕ್ಕು, ಒಂದೊಂದು ಮನೆಯ ಕಟ್ಟೆ ಹತ್ತಿ, "ಇವರಿಗೆ ಕೊಟ್ಟೈತಿ", "ಇವರಿಗೆ ಇಲ್ಲ" ಎಂದು ಕಾಳು ಸರಿಸಿದಳು. ನಡುನಡುವೆ ವಹಿಯಲ್ಲೇ ಇಲ್ಲದ ಮನೆಗಳು ಬಂದವು: ನಾವು ಅವರ ಕಾರ್ಯಕ್ಕೆ ಹೋಗಿ ಆಹೇರಿ ಮಾಡಿ ಬಂದವರು, ನಮ್ಮಲ್ಲಿಗೆ ಬರಲು ಅವರಿಗಿನ್ನೂ ಸಂದರ್ಭವೇ ಒದಗಿರಲಿಲ್ಲ. ನಮಗೆ ಬಂದದ್ದರಿಂದ ನಾನು ಲೆಕ್ಕ ಶುರು ಮಾಡಿದ್ದೆ, ಅವ್ವ ಮನೆಗಳಿಂದ. ಈ ವ್ಯತ್ಯಾಸಕ್ಕೆ ನಮ್ಮ ಕಸುಬಿನಲ್ಲಿ ಇನ್ನರ್ ಜಾಯಿನ್, ಲೆಫ್ಟ್ ಜಾಯಿನ್ ಎಂಬ ಹೆಸರುಗಳಿವೆ. ಎರಡೂ ಕಡೆ ಹೆಸರಿದ್ದವರನ್ನಷ್ಟೇ ಒಳಗೆ ಬಿಡುವುದು ಒಂದು, ಎಡಗಡೆ ಇದ್ದವರನ್ನೆಲ್ಲ ಇಟ್ಟುಕೊಂಡು ಬಲಗಡೆ ಖಾಲಿ ತೋರಿಸುವುದು ಇನ್ನೊಂದು. ಸಂದರ್ಶನಕ್ಕೆ ಬಂದ ಹುಡುಗರಿಗೆ ನಾನು ಕೇಳುವ ಮೊದಲ ಪ್ರಶ್ನೆ ಅದೇ.

ಮರುದಿನ ನಸುಕಿನ ಬಸ್ಸಿಗೆ ಪತ್ರಿಕೆ, ಕಾಯಿ, ಖಣ ತಗೊಂಡು ನಾನೇ ರಾಮದುರ್ಗಕ್ಕೆ ಹೋದೆ. ಓಣಿಯಲ್ಲಿ ಮಗ್ಗದ ಸಪ್ಪಳ. ಅತ್ತಿ ಬಾಗಿಲಲ್ಲೇ ಕೂತು ಜೋಳ ಹಸನ ಮಾಡುತ್ತಿದ್ದರು. ನಾನು ಬಡಬಡನೆ ನಲ್, ಷರತ್ತು, ಯಲ್ಲಮ್ಮ ಎಂದೆಲ್ಲ ಹೇಳಿ ಮುಗಿಸುವವರೆಗೂ ಕೇಳಿ, "ನೀರ ಕುಡಿ ಮೊದ್ಲ" ಎಂದರು. ಆಮೇಲೆ ಪತ್ರಿಕೆ ತೆಗೆದುಕೊಂಡು ದೂರ ಹಿಡಿದು ನೋಡಿ, "ರೊಟ್ಟಿಗೆ ಹಿಟ್ಟ ಬೀಸಿಸಿಟ್ಟೀರೋ, ನಾನ ಬಂದ ಬೀಸಿಸಲ್ಯೋ?" ಎಂದರು. ಲಗ್ನದ ಮೂರು ದಿನ ಮೊದಲೇ ಬಂದರು.

ಲಗ್ನ ಚೆನ್ನಾಗಿ ಆಯಿತು. ಊಟದ ಎಲೆ ಎಷ್ಟು ಎಂದು ಅಡುಗೆಯವರು ಕೇಳಿದಾಗ, ತಿದ್ದಿ ತಿದ್ದಿ ನಯ ಮಾಡಿದ ಪಟ್ಟಿಯಿಂದ ಲೆಕ್ಕ ತೆಗೆದು ನಾನೇ ಕೊಟ್ಟಿದ್ದೆ. ಹೊರಗಿನ ಒಬ್ಬರಿಗೂ ಕಡಿಮೆ ಬೀಳಲಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ಮನೆಯವರೆಲ್ಲ ಪಂಕ್ತಿಗೆ ಕೂತಾಗ ಗೊತ್ತಾಯಿತು: ನಮ್ಮ ಮನೆಗೆ ನಾವೇ ಆಹೇರಿ ಮಾಡಿಕೊಂಡಿಲ್ಲವಾದ್ದರಿಂದ ಅಪ್ಪ, ಅವ್ವ, ತಮ್ಮ, ಹೆಂಡತಿ, ನಾನು ಯಾರೂ ಪಟ್ಟಿಯಲ್ಲೇ ಇರಲಿಲ್ಲ. ಮದುಮಗಳೂ ಇರಲಿಲ್ಲ. ಬುಂದೆ, ಹೋಳಿಗೆ ಮುಗಿದಿದ್ದವು. ಅತ್ತಿ ಬಡಿದಿಟ್ಟ ಕಟಕ ರೊಟ್ಟಿ ಇದ್ದವು, ಬೋರ್ನ್‌ವೀಟಾ ಡಬ್ಬಿಯಲ್ಲಿ ಹಿಂಡಿ ಇತ್ತು. ಆರೂ ಮಂದಿ ಅದನ್ನೇ ಹಚ್ಚಿಕೊಂಡು ತಿಂದೆವು.